ಕೊಂಡವಾಡದಲ್ಲಿ ಸತ್ತ ಕರು

ಸೋಮವಾರ ಬೆಳಗ್ಗೆ ಏಳೂವರೆಗೆ ವೀರವ್ವ ತನ್ನ ಕರುವನ್ನು ಬಿಡಿಸಿಕೊಂಡು ಹೋಗಲು ಕೊಂಡವಾಡಕ್ಕೆ ಬಂದಳು. ಕಂಡವರ ಬೆಳೆಗೆ ನುಗ್ಗಿದ ದನಕರುಗಳನ್ನು ಕೂಡಿಹಾಕಲೆಂದು ಜಾಲಿಕೊಪ್ಪದ ಪಂಚಾಯ್ತಿಯವರು ಇಟ್ಟುಕೊಂಡಿದ್ದ ದೊಡ್ಡಿ ಅದು. ನಾಲ್ಕು ಗೋಡೆ, ನಡುವೆ ಒಂದು ಕಂಬ, ಮೂಲೆಯಲ್ಲಿ ನೀರಿನ ತೊಟ್ಟಿ. ಶನಿವಾರ ಸಂಜೆ ಕರುವನ್ನು ಹಿಡಿದು ಹಾಕಿದ್ದರು. ಭಾನುವಾರ ಆಫೀಸಿಗೆ ರಜೆ. ಬಿಡಿಸಿಕೊಳ್ಳುವ ಚೀಟಿ ಕೊಡುವವರಿಲ್ಲ. ಚೀಟಿ ಇಲ್ಲದೆ ಹೋದರೆ ಕರು ಬೆನ್ನು ಹತ್ತೀತೆಂದು ಮುದುಕಿ ನೋಡಲೂ ಹೋಗಿರಲಿಲ್ಲ. ಎರಡು ದಿನದಿಂದ ಅವಳಿಗೆ ಊಟ ಸೇರಿರಲಿಲ್ಲ.

ಕರು ಮಲಗಿತ್ತು.

"ಏಳ ನನ್ನವ್ವಾ, ಮನಿಗೆ ಹೋಗೂಣು," ಎಂದಳು. ಏಳಲಿಲ್ಲ. ಬಗ್ಗಿ ನೋಡಿದಳು. ಕೊರಳು ಹರಿದಿತ್ತು.

ಅವಳ ಚೀರಾಟಕ್ಕೆ ಮೊದಲು ಓಡಿ ಬಂದವನು ಪಂಚಾಯ್ತಿಯ ವಾಟರ್‌ಮನ್ ಚನ್ನೇಶ. ಊರಿಗೆ ನೀರು ಬಿಡುವವನೂ ಅವನೇ, ಕೊಂಡವಾಡ ನೋಡಿಕೊಳ್ಳುವವನೂ ಅವನೇ, ಬೀದಿದೀಪದ ಬಲ್ಬು ಬದಲಿಸುವವನೂ ಅವನೇ, ಸಾಕುನಾಯಿಗಳಿಗೆ ನಂಬರಿನ ಬಿಲ್ಲೆ ಕಟ್ಟುವವನೂ ಅವನೇ. ಅವನ ಹಿಂದೆ ಪಂಚಾಯ್ತಿ ಸದಸ್ಯ ನಾಗಪ್ಪ ಬಂದ. ಅವನ ಹಿಂದೆ ಅರ್ಧ ಊರು ಬಂತು.

ಕರುವಿನ ಮುಂಗಾಲಿನ ಹತ್ತಿರ ಒಂದು ತಗಡಿನ ಬಿಲ್ಲೆ ಬಿದ್ದಿತ್ತು. ನಾಗಪ್ಪ ಎತ್ತಿ ಒರೆಸಿ ಓದಿದ.

"ಹದಿನಾಕು. ಇದು ಹಾಜರಾಬಿ ನಾಯಿದು."

ಅಲ್ಲಿಗೆ ತೀರ್ಪು ಆಗಿಹೋಯಿತು. ಊರಿನ ಕೆಲಸ ಎಲ್ಲವೂ ಇಷ್ಟು ಬೇಗ ಆಗಿದ್ದರೆ ಜಾಲಿಕೊಪ್ಪ ಎಂದೋ ಉದ್ಧಾರವಾಗುತ್ತಿತ್ತು.

* * *

ಹೆಡ್ ಕಾನ್‌ಸ್ಟೇಬಲ್ ನೀಲಾಂಬಿಕಾ ಹನ್ನೊಂದು ಗಂಟೆಗೆ ಬಸ್ಸಿಳಿದಳು. ಮೂರು ದಿನ ಹಾನಗಲ್ಲಿನಲ್ಲಿ ಮಂತ್ರಿಗಳ ಬಂದೋಬಸ್ತಿಗೆ ನಿಂತು ಸೊಂಟ ಬಿದ್ದುಹೋಗಿತ್ತು. ಇವತ್ತು ರಜೆ ಸಿಗುತ್ತದೆ ಎಂದುಕೊಂಡಿದ್ದಳು. ಠಾಣೆಯ ಸಾಹೇಬರು ಫೋನ್ ಮಾಡಿದ್ದರು.

"ಒಂದ ನಾಯಿ ವಿಷಯ. ಪಂಚಾಯ್ತಿಯವರು ನಾಕ ಗಂಟೆಕ್ಕ ಟ್ರ್ಯಾಕ್ಟರ್‌ನ್ಯಾಗ ಹಾಕಿ ಊರ ಹೊರಗ ಬಿಡ್ತಾರಂತ. ಗಲಾಟಿ ಆಗದಂಗ ನಿಂತ ಬಾ. ಹೆಣ್ಮಗಳು ಒಬ್ಬಾಕಿನ ಅದಾಳ, ತ್ರಾಸ ಆಗೂದಿಲ್ಲ."

ಇಪ್ಪತ್ತು ವರ್ಷದ ಸರ್ವಿಸ್ ಕೊನೆಗೆ ನಾಯಿಯನ್ನು ಟ್ರ್ಯಾಕ್ಟರ್ ಹತ್ತಿಸುವ ತನಕ ಬಂತಲ್ಲ ಎಂದು ಅವಳಿಗೆ ನಗು ಬರಬೇಕಿತ್ತು. ನಗುವಷ್ಟೂ ತ್ರಾಣವಿರಲಿಲ್ಲ. ಸುಮ್ಮನೆ ನಿಂತು ಸಹಿ ಹಾಕಿ ಐದರ ಬಸ್ಸಿಗೆ ಹೊರಡುವುದು, ಮನೆಗೆ ಹೋಗಿ ಬಿದ್ದುಕೊಳ್ಳುವುದು. ಇಷ್ಟೇ ಅವಳ ತಲೆಯಲ್ಲಿದ್ದದ್ದು.

ಪಂಚಾಯ್ತಿ ಆಫೀಸಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದರು: ನಾಯಿ ಮತ್ತು ಜಾನುವಾರು ಸಾಕುವವರಿಗೆ ನಿಯಮಗಳು. ಒಟ್ಟು ಆರು. ನಾಗಪ್ಪ ಒಂದೊಂದಾಗಿ ಬೆರಳಿಟ್ಟು ಓದಿ ತೋರಿಸಿದ. ಅವನೇ ಗ್ರಾಮಸಭೆಯಲ್ಲಿ ಹಟ ಹಿಡಿದು ಪಾಸು ಮಾಡಿಸಿದ್ದು.

ಬೆಳೆಗೆ ನುಗ್ಗಿದ ದನ ಯಾರದೇ ಇರಲಿ ಕೊಂಡವಾಡಕ್ಕೆ. ಪ್ರತಿ ಸಾಕುನಾಯಿಗೂ ನಂಬರಿನ ಬಿಲ್ಲೆ. ನಾಲ್ಕನೆಯದು: ಕೊಂಡವಾಡದಲ್ಲಿ ಜಾನುವಾರುಗಳನ್ನು ಕಟ್ಟಬಾರದು, ಬಿಟ್ಟಿರಬೇಕು, ದಿನಕ್ಕೆ ಎರಡು ಸಲ ನೀರು, ಮೇವು ಕೊಡಬೇಕು. ಐದನೆಯದು ರಾತ್ರಿ ನಾಯಿ ಕಟ್ಟುವ ಬಗ್ಗೆ. ಆರನೆಯದರ ಮೇಲೆ ನಾಗಪ್ಪನ ಬೆರಳು ಹೆಚ್ಚು ಹೊತ್ತು ನಿಂತಿತು: ಒಬ್ಬರ ನಾಯಿ ಮತ್ತೊಬ್ಬರ ಜಾನುವಾರನ್ನು ಕೊಂದರೆ ಆ ನಾಯಿಯನ್ನು ಅದೇ ದಿನ ಊರ ಹದ್ದಿನಾಚೆ ಬಿಡತಕ್ಕದ್ದು.

"ಆ ನಾಯಿ ಮ್ಯಾಲ ನಿಮಗ ಮೊದಲಿಂದ ಸಿಟ್ಟು ಐತೇನ್ರಿ?" ನೀಲಾಂಬಿಕಾ ಕೇಳಿದಳು.

ನಾಗಪ್ಪ ಧೋತರ ಮೇಲೆತ್ತಿ ಕಾಲು ತೋರಿಸಿದ. ಮೀನಖಂಡದ ಮೇಲೆ ನಾಲ್ಕು ಹಲ್ಲಿನ ಗಾಯದ ಗುರುತು.

"ಸಿಟ್ಟ ಅಲ್ದ ಪ್ರೀತಿ ಇರತೈತೇನ್ರಿ? ಹೋದ ಶ್ರಾವಣದಾಗ ಕಡದೈತಿ. ನಾ ಆಕಿ ಗುಡಸಲ ಕಡೆ ಹೊಂಟರ ಸಾಕು, ಸರಪಳಿ ಹರಕೊಂಡ ಬಂದಂಗ ಮಾಡತೈತಿ. ಆಕಿ ಆಡಂತೂ ನನ್ನ ಗೋವಿನಜೋಳ ಬಿಟ್ಟು ಬ್ಯಾರೆ ಏನೂ ತಿನ್ನೂದಿಲ್ಲ."

"ವೀರವ್ವನ ಕರುನೂ ನಿಮ್ಮ ಹೊಲದಾಗ ಸಿಕ್ಕಿತ್ತು?"

"ಹೌದ್ರಿ. ನಾನ ಹಿಡದ ಚನ್ನೇಶನ ಕೈಯಾಗ ಕೊಟ್ಟೆ. ನಿಯಮ ಅಂದ್ರ ನಿಯಮ."

ನೀಲಾಂಬಿಕಾ ಬಿಲ್ಲೆಯನ್ನು ಕೈಗೆ ತೆಗೆದುಕೊಂಡಳು. ತೂತಿನಲ್ಲಿ ಎರಡಿಂಚು ತಂತಿ ಇನ್ನೂ ಇತ್ತು. ಆಗ ಅವಳು ಅದನ್ನು ನೋಡಿದಳು, ಆದರೆ ಅದರ ಬಗ್ಗೆ ಏನೂ ಯೋಚಿಸಲಿಲ್ಲ. ಜೇಬಿಗೆ ಹಾಕಿಕೊಂಡಳು.

* * *

ಹಾಜರಾಬಿಯ ಗುಡಿಸಲು ಕೆರೆಯ ಏರಿಯ ಕೆಳಗಿತ್ತು. ಊರು ಅಲ್ಲಿಂದ ಒಂದು ಫರ್ಲಾಂಗ್ ಆಚೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಇಪ್ಪತ್ತೆರಡು ಆಡು, ಒಂದು ನಾಯಿ. ನಾಯಿ ಕಂದು ಬಣ್ಣದ್ದು, ಹೆಸರು ಮೋತಿ. ಖಾಕಿ ಕಂಡದ್ದೇ ಹಲ್ಲು ತೋರಿಸಿತು.

"ಸುಮ್ನಿರ, ಮೋತ್ಯಾ," ಎಂದಳು ಹಾಜರಾಬಿ. ಅದು ಸುಮ್ಮನಾಯಿತು.

ನೀಲಾಂಬಿಕಾ ಬೈಗುಳ, ಅಳು, ಎದೆ ಬಡಿದುಕೊಳ್ಳುವುದು ಎಲ್ಲಕ್ಕೂ ಸಿದ್ಧವಾಗಿ ಬಂದಿದ್ದಳು. ಹಾಜರಾಬಿ ಏನೂ ಮಾಡಲಿಲ್ಲ. ಚಾಪೆ ಹಾಸಿ, "ಕುಂದರ್ರಿ ಬಾಯಾರ" ಎಂದು ನೀರು ತಂದುಕೊಟ್ಟಳು.

"ನಾಯಿ ರಾತ್ರಿ ಬಿಟ್ಟಿದ್ದೇನಬೇ?"

"ಇಲ್ರಿ. ಕತ್ತಲಾಗೂದ್ರಾಗ ಕಟ್ಟೇನಿ. ನಸುಕಿನ್ಯಾಗ ಎದ್ದಾಗ ಕಟ್ಟಿದ್ದಲ್ಲೇ ಇತ್ತು. ಆದ್ರ ನನ್ನ ಮಾತಿಗೆ ಸಾಕ್ಷಿ ಯಾರದಾರ್ರಿ, ಆಡಿಗೆ ಬಾಯಿಲ್ಲ."

"ಬಿಲ್ಲೆ?"

"ನಿನ್ನಿ ಸಂಜಿತನಾ ಕೊರಳಾಗ ಇತ್ತು. ಈಗ ಇಲ್ಲ. ಹೆಂಗ ಹೋತೋ ಅಲ್ಲಾಗ ಗೊತ್ತು."

"ನಿನ್ನಿಯಿಂದ ಇಲ್ಲಿಗೆ ಯಾರ್ಯಾರು ಬಂದಿದ್ರು?"

"ನಿನ್ನಿ ಸಂಜಿ ನಾಗಪ್ಪಾರ ಬಂದ, ಅಲ್ಲೇ ಏರಿ ಮ್ಯಾಲ ನಿಂತ ಬೈದ ಹೋದ್ರು. ಇವತ್ತ ನಸುಕಿನ್ಯಾಗ ಚನ್ನೇಶ ಬಂದಿದ್ದ. ನೀರಿನ ವಾಲ್ ಇಲ್ಲೇ ಐತಲ್ರಿ, ದಿನಾ ಬರ್ತಾನ, ಚಾ ಕುಡದ ಹೋಗ್ತಾನ. ಮತ್ಯಾರೂ ಇಲ್ಲ."

ನೀಲಾಂಬಿಕಾ ನಾಯಿಯ ಕೊರಳಪಟ್ಟಿ ದೂರದಿಂದಲೇ ನೋಡಿದಳು. ಪಟ್ಟಿ ಗಟ್ಟಿಯಾಗಿತ್ತು. ಎಲ್ಲೂ ಹರಿದಿರಲಿಲ್ಲ.

"ಬಾಯಾರ," ಹಾಜರಾಬಿ ಮೆಲ್ಲಗೆ ಕೇಳಿದಳು, "ಇದನ್ನ ಒಯ್ದಬಿಟ್ರ ನಾ ಆಡ ಮಾರಬೇಕಾಕ್ಕತಿ. ಈ ದಂಡಿಗೆ ತೋಳ ಬರ್ತಾವ್ರಿ. ನಾಯಿ ಇಲ್ದ ಒಂದ ವಾರ ಉಳ್ಯೂದಿಲ್ಲ. ಆಡ ಹ್ವಾದ ಮ್ಯಾಲ ನಾ ಏನ ಮಾಡ್ಲಿ?"

ನೀಲಾಂಬಿಕಾ ನೀರು ಕುಡಿದು ಎದ್ದಳು. ಸಾಹೇಬರ ಮಾತು ನಿಜ, ಈ ಹೆಂಗಸಿನಿಂದ ತ್ರಾಸವಾಗುವುದಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಯಾಕೋ ಕಸಿವಿಸಿಯಾಯಿತು.

* * *

ಕೊಂಡವಾಡಕ್ಕೆ ಹೋದದ್ದು ಬರೀ ವಾಡಿಕೆಗೆ. ವರದಿಯಲ್ಲಿ ಸ್ಥಳ ಪರಿಶೀಲಿಸಲಾಯಿತು ಎಂದು ಬರೆಯಬೇಕಲ್ಲ.

ಬಾಗಿಲಿಗೆ ಚಿಲಕವಿರಲಿಲ್ಲ. ಒಂದು ಕಲ್ಲು ಒರಗಿಸಿದ್ದರು. ಕರು ಕಂಬದ ಬುಡದಲ್ಲಿ ಬಿದ್ದಿತ್ತು. ಎಂಟು ತಿಂಗಳಿನದು, ಕೆಂಪು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ. ಬೋಳು ಕೊರಳಿನ ಮೇಲೆ ಮೂರು ನಾಲ್ಕು ಸೀಳು. ನೊಣ ಮುತ್ತಿದ್ದವು. ಕಂಬದ ಸುತ್ತ ಮಣ್ಣು ದುಂಡಗೆ ತುಳಿದು ನುಣ್ಣಗಾಗಿತ್ತು. ತೊಟ್ಟಿಯಲ್ಲಿ ನೀರಿನ ಬದಲು ಒಣಗಿದ ಎಲೆಗಳಿದ್ದವು.

ಪಕ್ಕದಲ್ಲಿ ಚನ್ನೇಶ ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ನಿಂತಿದ್ದ. ಕಣ್ಣು ಕೆಂಪಾಗಿದ್ದವು.

"ನಿದ್ದಿ ಇಲ್ಲೇನ?"

"ನಿನ್ನಿ ಮುಂಜಾನಿಯಿಂದ ಮೇನ್ ಪೈಪ್ ಒಡದಿತ್ರಿ ಮೇಡಂ. ಒಬ್ಬಾವನ ಅದೇನಿ. ಅದನ್ನ ಜೋಡಿಸಿ ಮುಗಸೂದ್ರಾಗ ದಿನಾನ ಹೋತು."

"ಕರುಕ್ಕ ನೀರು?"

"ಕುಡಸೇನ್ರಿ. ಬಕೆಟ್‌ನ್ಯಾಗ ತಂದ ಕುಡಸೇನಿ."

ನೀಲಾಂಬಿಕಾ ಕರುವಿನ ಕೆಳಗಿನ ಮಣ್ಣನ್ನು ಬೂಟಿನ ತುದಿಯಿಂದ ಕೆದರಿದಳು. ಕೊರಳು ಹರಿದ ಜೀವದ ಕೆಳಗೆ ಮಣ್ಣು ರಕ್ತ ಕುಡಿದು ಕಪ್ಪಾಗಿರಬೇಕಿತ್ತು. ಒಂದು ಅಂಗೈಯಷ್ಟು ಕೂಡ ಇರಲಿಲ್ಲ. ಅವಳು ಬೇಡವೆಂದರೂ ತಲೆ ಕೆಲಸ ಮಾಡಲು ಶುರುಮಾಡಿತು. ಅದಕ್ಕೆ ಸಿಟ್ಟೂ ಬಂತು. ಐದರ ಬಸ್ಸು ಕಣ್ಣೆದುರಿಗೇ ಹೊರಟುಹೋದಂತೆ ಅನ್ನಿಸಿತು. ತಿಳವಳ್ಳಿಯ ಪಶುವೈದ್ಯೆ ತನುಜಾಳಿಗೆ ಫೋನ್ ಹಚ್ಚಿದಳು.

"ಮೂರ ಗಂಟೆಕ್ಕ ಬರ್ತೇನ್ರಿ," ಎಂದಳು ತನುಜಾ. "ಅಲ್ಲೀತನಾ ಕರುನ ಯಾರೂ ಮುಟ್ಟಬ್ಯಾಡ್ರಿ."

ಗೋಡೆಯ ನೆರಳಲ್ಲಿ ವೀರವ್ವ ಕುಕ್ಕರುಗಾಲಲ್ಲಿ ಕೂತಿದ್ದಳು. ನೀಲಾಂಬಿಕಾಳನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನವ್ವಾ, ಒಂದ ಬೇಡ್ಕೋತೇನಿ. ಅದರ ಕಣ್ಣಿ ಕೊಟ್ಟಬಿಡ್ರಿ."

"ಯಾವ ಕಣ್ಣಿಬೇ?"

"ಕೊರಳಾಗಿನ ಹಗ್ಗರೀ. ನಾನ ಹೊಸೆದ ಹಾಕಿದ್ದೆ, ಕೆಂಪ ಅರಿವಿ ಸೇರಿಸಿ. ಪಂಚಾಯ್ತಿಯವರು ಬಿಚ್ಚಿ ನಿಮ್ಮ ಕೈಯಾಗ ಕೊಟ್ಟಾರ ಅಂತ ಮಾಡಿದ್ದೆ."

"ನನಗ ಯಾರೂ ಕೊಟ್ಟಿಲ್ಲ. ನೀನ ಬಿಚ್ಚಿಲ್ಲೇನು?"

"ನನಗೆಲ್ಲಿ ಕೈ ಬರ್ತಾವವ್ವಾ. ನಾ ನೋಡಿದಾಗಲೇ ಕೊರಳು ಬರಿದಾಗಿತ್ತು."

ನೀಲಾಂಬಿಕಾ ಅಲ್ಲೇ ನಿಂತುಬಿಟ್ಟಳು.

ಬೆಳಗ್ಗೆಯಿಂದ ಆ ಕೊರಳನ್ನು ನೂರು ಜನ ನೋಡಿದ್ದರು. ಅವಳೂ ನೋಡಿದ್ದಳು. ಯಾರಿಗೂ ಏನೂ ಅನ್ನಿಸಿರಲಿಲ್ಲ. ಅನ್ನಿಸುವುದಾದರೂ ಹೇಗೆ? ದನ ಸತ್ತರೆ ಮೊದಲು ಮಾಡುವ ಕೆಲಸವೇ ಕೊರಳ ಹಗ್ಗ ಬಿಚ್ಚುವುದು. ಬದುಕಿದ್ದಷ್ಟು ದಿನ ಕಟ್ಟಿಹಾಕಿದ್ದಾಯಿತು, ಹೋಗುವಾಗಲಾದರೂ ಬಿಚ್ಚಿ ಕಳಿಸಬೇಕು ಎನ್ನುತ್ತಿದ್ದ ಅವಳ ಅಪ್ಪ. ಈ ಸೀಮೆಯಲ್ಲಿ ಸತ್ತ ದನದ ಕೊರಳು ಬರಿದಾಗಿರುವುದೇ ರೂಢಿ. ರೂಢಿ ಇರುವುದರಿಂದಲೇ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಾಯಿ ಕೊರಳು ಹರಿಯಬಹುದು. ಗಂಟು ಬಿಚ್ಚುವುದಿಲ್ಲ.

* * *

ನಾಲ್ಕಕ್ಕೆ ಟ್ರ್ಯಾಕ್ಟರ್ ಬಂದು ಪಂಚಾಯ್ತಿ ಕಟ್ಟೆಯ ಮುಂದೆ ನಿಂತಿತು. ಮೋತಿಯನ್ನು ಸರಪಳಿ ಸಮೇತ ಹಿಡಿದುಕೊಂಡು ಹಾಜರಾಬಿ ಬಂದಳು. ಅದನ್ನು ಹತ್ತಿಸಲು ಅವಳನ್ನು ಬಿಟ್ಟರೆ ಇನ್ನಾರಿಗೂ ಧೈರ್ಯವಿರಲಿಲ್ಲ. ತನ್ನ ನಾಯಿಯನ್ನು ತಾನೇ ಹತ್ತಿಸಬೇಕು ಎಂದು ಹೇಳಿಕಳಿಸಿದ್ದರು, ಅವಳೂ ಬಂದಿದ್ದಳು. ನೀಲಾಂಬಿಕಾ ಟ್ರ್ಯಾಕ್ಟರಿನ ಮುಂದೆ ಬಂದು ನಿಂತಳು.

"ತಡೀರಿ," ಎಂದಳು. "ಮೊದಲು ಡಾಕ್ಟರ್ ಬಾಯಾರ ಮಾತ ಕೇಳೂಣು."

ತನುಜಾ ಕೈ ತೊಳೆದುಕೊಂಡು ಬಂದಳು. ಅವಳೂ ಬೆಳಗ್ಗೆಯಿಂದ ಮೂರು ಊರು ಸುತ್ತಿ ದಣಿದಿದ್ದಳು. ಸುತ್ತುಬಳಸದೆ ಹೇಳಿದಳು.

"ಕರು ನಿನ್ನಿ ಮಧ್ಯಾಹ್ನದಾಗ ಸತ್ತೈತಿ. ಕೊರಳಿಗೆ ಗಾಯ ಆಗಿದ್ದು ಎಷ್ಟೋ ತಾಸ ಆದ ಮ್ಯಾಲ. ಅದಕ್ಕ ರಕ್ತ ಬಂದಿಲ್ಲ. ಕೂದಲ ಸರಿಸಿ ನೋಡಿದ್ರ ಕೊರಳ ಸುತ್ತ ಹಗ್ಗ ಒತ್ತಿದ ಗುರುತ ಐತಿ. ಉಸಿರುಗಟ್ಟಿ ಸತ್ತೈತಿ. ಮತ್ತ ಆ ಸೀಳು ಹಲ್ಲಿನವಲ್ಲ. ಗರಗಸದಂಥಾ ಯಾವುದರದ್ದೋ."

ಗುಂಪಿನಲ್ಲಿ ಗುಜುಗುಜು ಶುರುವಾಯಿತು. ನಾಗಪ್ಪ ಸುಲಭಕ್ಕೆ ಬಿಡುವವನಲ್ಲ.

"ಹಂಗಾರ ಬಿಲ್ಲೆ? ಹದಿನಾಕನೇ ನಂಬರಿನ ಬಿಲ್ಲೆ ತಾನ ನಡಕೊಂತ ಬಂತೇನ್ರಿ?"

ನೀಲಾಂಬಿಕಾ ಜೇಬಿನಿಂದ ಬಿಲ್ಲೆ ತೆಗೆದಳು.

"ಈ ತಂತಿ ನೋಡ್ರಿ. ಜಗ್ಗಾಡಿ ಹರದಿದ್ರ ತುದಿ ತುಂಡಾಗಿರಬೇಕಿತ್ತು, ಇಲ್ಲಾ ಪಟ್ಟಿ ಹರೀಬೇಕಿತ್ತು. ಪಟ್ಟಿ ಗಟ್ಟಿ ಐತಿ. ತಂತಿ ತಿರುವನ್ನ ಇಕ್ಕಳ ಹಿಡದು ಬಿಚ್ಚ್ಯಾರ. ಇಕ್ಕಳದ ಗುರುತು ಇನ್ನೂ ಐತಿ. ಅಂದ್ರ ಯಾರೋ ಆ ನಾಯಿ ಕೊರಳಿಗೆ ಕೈ ಹಾಕಿ, ಸಾವಕಾಶ ಬಿಚ್ಚಕೊಂಡು ಹೋಗ್ಯಾರ."

"ನನ್ನ ಮ್ಯಾಲ ಬಂತಲ್ಲ ಈಗ," ನಾಗಪ್ಪನ ಮುಖ ಕೆಂಪಾಯಿತು. "ನಿನ್ನಿ ನಾ ಅಲ್ಲಿಗೆ ಹೋಗಿದ್ದೆ ಅಂತ ಹೇಳ್ಯಾಳೇನು?"

"ಹೋಗಿದ್ರಿ. ನಾನೂ ಮೊದಲು ನಿಮ್ಮ ಮ್ಯಾಲ ಸಂಶೇ ಪಟ್ಟಿದ್ದೆ, ಸುಳ್ಳ ಯಾಕ ಹೇಳ್ಲಿ. ಆದ್ರ ನಿಮ್ಮನ್ನ ಕಂಡ್ರ ಆ ನಾಯಿ ಸರಪಳಿ ಹರಕೊಳ್ಳಾಕ ನೋಡತೈತಿ. ನೀವು ಅದರ ಕೊರಳಿಗೆ ಕೈ ಹಾಕಿದ್ರ ಇವತ್ತ ಇಲ್ಲಿ ನಿಂತಿರ್ತಿದ್ದಿಲ್ಲ. ನಿಮ್ಮ ಕಾಲಿನ ಗುರುತ ನಿಮ್ಮನ್ನ ಉಳಿಸೇತಿ."

ಯಾರೋ ಕಿಸಕ್ಕನೆ ನಕ್ಕರು. ನಾಗಪ್ಪ ನಗಲಿಲ್ಲ.

"ಹಾಜರಾಬಿನ ಬಿಟ್ರ ಆ ನಾಯಿ ಕೊರಳ ಯಾರಿಗೆ ಕೊಡತೈತಿ? ದಿನಾ ಬೆಳಗಾದ್ರ ಅಲ್ಲಿಗೆ ಹೋಗಾವ ಒಬ್ಬಾವನ. ಬಿಲ್ಲೆ ಕಟ್ಟಿದಾವನೂ ಅವನ. ಇಕ್ಕಳ, ಪೈಪ್ ಕೊಯ್ಯೂ ಗರಗಸ ಎರಡೂ ಅವನ ಚೀಲದಾಗ ಇರ್ತಾವು." ಅವಳು ತಿರುಗಿದಳು. "ಚನ್ನೇಶ, ಕಣ್ಣಿ ಎಲ್ಲಿಟ್ಟಿ?"

ಚನ್ನೇಶ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕೂತ.

"ಪಂಪ್‌ಸೆಟ್ ಖೋಲಿಯಾಗ ಐತ್ರಿ," ಎಂದ.

"ನೀನ ಹೇಳ್ತೀಯೋ, ನಾ ಹೇಳ್ಲೋ?"

ನೀಲಾಂಬಿಕಾಳೇ ಹೇಳಿದಳು. ಕೊಂಡವಾಡದ ಬಾಗಿಲಿಗೆ ಚಿಲಕವಿಲ್ಲ. ಕಲ್ಲು ಒರಗಿಸಿದರೆ ಕರು ದೂಡಿಕೊಂಡು ಹೋಗುತ್ತದೆ. ಅದಕ್ಕೇ ಶನಿವಾರ ಸಂಜೆ ಕಂಬಕ್ಕೆ ಕಟ್ಟಿದ. ಕಟ್ಟಬಾರದು ಎಂದು ನಾಲ್ಕನೇ ನಿಯಮವಿದೆ. ಭಾನುವಾರ ಪೈಪು ಒಡೆಯಿತು. ಅತ್ತ ಕಡೆ ತಲೆ ಹಾಕಲಿಲ್ಲ. ನೀರಿಲ್ಲ, ಮೇವಿಲ್ಲ. ಕರು ಕಂಬ ಸುತ್ತಿತು. ಸುತ್ತಿದಷ್ಟೂ ಹಗ್ಗ ಗಿಡ್ಡವಾಯಿತು. ಕಂಬದ ಸುತ್ತ ತುಳಿದ ದುಂಡು ಇನ್ನೂ ಹಾಗೇ ಇದೆ.

"ಇವತ್ತ ನಸುಕಿನ್ಯಾಗ ನೋಡಿದಿ. ಹೆದರಿದಿ. ನಾಯಿ ಕಡೀತು ಅಂತ ಮಾಡಾಕ ಕೊರಳ ಹರದಿ, ಬಿಲ್ಲೆ ಬಿಚ್ಚಿ ತಂದ ಹಾಕಿದಿ. ಎಲ್ಲಾ ಸರಿಯಾಗೇ ಮಾಡಿದ್ದಿ. ಆದ್ರ ಅದಕ್ಕಿಂತ ಮೊದಲು ಕಣ್ಣಿ ಬಿಚ್ಚಿಬಿಟ್ಟಿದ್ದಿ. ಕಂಬದಿಂದ ಬಿಚ್ಚಿದ್ರ ಸಾಕಾಗಿತ್ತು. ಕೊರಳಿಂದ ಯಾಕ ಬಿಚ್ಚಿದಿ?"

"ಹಗ್ಗ ಹಾಕ್ಕೊಂಡ ಹೋಗಬಾರ್ದಲ್ರಿ ಅದು," ಎಂದ ಚನ್ನೇಶ. ಆಗ ಅವನಿಗೆ ಅಳು ಬಂತು. "ನೋಡಿದ ಕೂಡಲೇ ಕೈ ತಾನ ಬಿಚ್ಚಿತ್ರಿ. ಹೆದರಿಕಿ ಬಂದದ್ದು ಆಮ್ಯಾಲ. ಚಿಲಕ ಹಾಕಸ್ರಿ ಅಂತ ಎರಡ ಸಲ ಬರದಕೊಟ್ಟೇನಿ. ಗ್ವಾಡಿಗೆ ಬಣ್ಣ ಬಂತು, ಬಾಗಲಕ್ಕ ಚಿಲಕ ಬರಲಿಲ್ಲ. ಕಟ್ಟಿ ಹಾಕೇನಿ ಅಂತ ಗೊತ್ತಾದ್ರ ಕೆಲಸ ಹೋಗ್ತಿತ್ತು."

ವೀರವ್ವ ಒಮ್ಮೆ ಅವನನ್ನು ನೋಡಿ ಕೊಂಡವಾಡದ ಕಡೆ ನಡೆದಳು. ಕರುವನ್ನು ಇನ್ನೂ ಮಣ್ಣು ಮಾಡಬೇಕಿತ್ತು. ನಾಗಪ್ಪ ಗೋಡೆಯ ಮೇಲಿನ ಅಕ್ಷರಗಳನ್ನು ಮೊದಲ ಸಲ ನೋಡುವವನಂತೆ ನೋಡುತ್ತ ನಿಂತಿದ್ದ.

* * *

ಟ್ರ್ಯಾಕ್ಟರ್ ಖಾಲಿ ಹೋಯಿತು. ಜನ ಕರಗಿದರು. ಕಟ್ಟೆಯ ಹತ್ತಿರ ಉಳಿದವರು ಮೂವರು, ಮತ್ತೆ ನಾಯಿ.

ನಾಲ್ಕೂ ಮುಕ್ಕಾಲು. ಐದರ ಬಸ್ಸಿಗೆ ಇನ್ನೂ ಹೊತ್ತಿತ್ತು. ನೀಲಾಂಬಿಕಾಳಿಗೆ ಚನ್ನೇಶನ ಮೇಲೆ ಸಿಟ್ಟಿಗಿಂತ ಮರುಕವೇ ಹೆಚ್ಚಾಗಿತ್ತು. ಮೂರು ಜನರ ಕೆಲಸ ಒಬ್ಬನ ಮೇಲೆ ಹೇರಿದರೆ ಇಂಥದ್ದೇ ಆಗುವುದು. ಅವನ ವಿಚಾರ ಪಂಚಾಯ್ತಿಯವರೇ ನೋಡಿಕೊಳ್ಳಲಿ. ಹಾಜರಾಬಿ "ಹೋಗಲಿ ಬಿಡ್ರಿ" ಎಂದರೆ ಸಾಕು, ಎಲ್ಲ ಮುಗಿಯುತ್ತದೆ. ಅವಳು ಹಾಗೇ ಅನ್ನುತ್ತಾಳೆ ಎಂಬ ಖಾತ್ರಿಯೂ ಇತ್ತು.

ಹಾಜರಾಬಿ ಚನ್ನೇಶನ ಎದುರು ಬಂದು ನಿಂತಳು.

"ಚನ್ನೇಶ, ಒಂದ ಮಾತ ಕೇಳ್ತೇನಿ. ನಾಯಿ ಮ್ಯಾಲ ಹಾಕಬೇಕಂತ ಬಂತು ನಿನ್ನ ತಲಿಯಾಗ. ಇರ್ಲಿ. ಊರಾಗ ಮೂವತ್ತ ನಾಯಿ ಅದಾವು, ಎಲ್ಲಾದಕ್ಕೂ ಬಿಲ್ಲೆ ನೀನ ಕಟ್ಟೀದಿ, ಎಲ್ಲಾ ನಿನ್ನ ಗುರುತಿನ್ವು. ನಂದ ಯಾಕ ಆರಿಸಿದಿ?"

ಚನ್ನೇಶ ಸುಳ್ಳು ಹೇಳುವ ಶಕ್ತಿ ಕೂಡ ಮುಗಿದವನ ಹಾಗೆ ಹೇಳಿದ.

"ಬ್ಯಾರೆಯವರಾಗಿದ್ರ ಜಗಳಾ ಮಾಡ್ತಿದ್ರು, ಚಾಚಿ. ನೀವು ಮಾಡೂದಿಲ್ಲ ಅಂತ."

ನೀಲಾಂಬಿಕಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಇವನೊಬ್ಬನೇ ಅಲ್ಲ. ಸಾಹೇಬರು ಫೋನಿನಲ್ಲಿ ಹೇಳಿದ್ದೂ ಅದನ್ನೇ. ಗುಡಿಸಲಿನಲ್ಲಿ ನೀರು ಕುಡಿದು ಏಳುವಾಗ ತಾನು ಅಂದುಕೊಂಡದ್ದೂ ಅದನ್ನೇ. ಈಗ, ಈ ಗಳಿಗೆಯಲ್ಲಿ, ತಾನು ಕಾಯುತ್ತಿರುವುದೂ ಅದನ್ನೇ. ಅವಳಿಗೆ ತನ್ನ ಬಗ್ಗೆ ನಾಚಿಕೆಯಾಯಿತು.

ಹಾಜರಾಬಿ ಸರಪಳಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು.

"ಬಾಯಾರ, ಇವ ಮಾಡಿದ್ದು, ನಾಗಪ್ಪಾರು ಪಂಚಾಯ್ತಿಯವರು ನನ್ನ ಒಂದ ಮಾತ ಕೇಳದ ಟ್ರ್ಯಾಕ್ಟರ್ ತರಿಸಿದ್ದು, ಎಲ್ಲಾ ಬರಕೋರ್ರಿ. ನಾ ಹೆಬ್ಬೆಟ್ಟ ಒತ್ತತೇನಿ. ಇವತ್ತಿಂದ ನಾನೂ ಜಗಳಾ ಮಾಡಾಕಿ."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನೀಲಾಂಬಿಕಾ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು.

"ಹೇಳ್ರಿ," ಎಂದಳು. "ಮೊದಲಿಂದ ಹೇಳ್ರಿ. ನನಗೇನೂ ಅವಸರ ಇಲ್ಲ."